ಮನೆಯ ಕುರಿ ಬೇರೆ, ಕಣದ ಕುರಿ ಬೇರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿಯ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕುರಿ ತರುಬುವ ನಾಯಿಗಳ ಪಂದ್ಯಕ್ಕೆ ಸಂಬಂಧಿಸಿದವು ಹಲವಿವೆ. ಬಹುಮಟ್ಟಿಗೆ ಅವೆಲ್ಲವೂ ಒಂದೇ ತೊಡಕನ್ನು ಕುರಿತಿರುವುದರಿಂದ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಈ ಪಂದ್ಯಗಳನ್ನು ನೋಡಿರದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ 1873ರ ಅಕ್ಟೋಬರ್ ತಿಂಗಳಲ್ಲಿ ಆರ್. ಜೆ. ಲಾಯ್ಡ್ ಪ್ರೈಸ್ ಎಂಬ ಜಮೀನುದಾರರು ಏರ್ಪಡಿಸಿದ್ದ ಪಂದ್ಯವನ್ನು ಬ್ರಿಟನ್ನಿನ ಮೊದಲ ಪಂದ್ಯವೆಂದು ಗಣಿಸುತ್ತಾರೆ. ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವರೊಬ್ಬರ ಟ್ವೀಡ್ ಎಂಬ ನಾಯಿ ಅದರಲ್ಲಿ ಗೆದ್ದಿತು. ಇಂದು ನಡೆಯುವ ಪಂದ್ಯಗಳಿಗೆ 1906ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿಯ ನಿಯಮಗಳೇ ಬಹುತೇಕ ಮಾದರಿಯಾಗಿವೆ. ನಾಯಿಯ ಒಡೆಯರು ಕಂಬದ ಬಳಿ ನಿಂತಿರುತ್ತಾರೆ. ನಾಯಿ ದೂರದ ಕುರಿಗಳ ಹಿಂಬದಿಗೆ ಅಗಲವಾಗಿ ಸುತ್ತಿಹೋಗುವುದು ಔಟ್‌ರನ್, ನಿಂತ ಕುರಿಗಳನ್ನು ಮೆಲ್ಲಗೆ ಕದಲಿಸುವುದು ಲಿಫ್ಟ್, ನೇರ ಗೆರೆಯಲ್ಲಿ ಒಡೆಯರ ಬಳಿಗೆ ತರುವುದು ಫೆಚ್, ಅವರಿಂದ ದೂರಕ್ಕೆ ಹೊಡೆದುಕೊಂಡು ಹೋಗುವುದು ಡ್ರೈವ್. ಕೊನೆಯಲ್ಲಿ ಕುರಿಗಳನ್ನು ಬೇರ್ಪಡಿಸುವ ಶೆಡ್ ಮತ್ತು ದೊಡ್ಡಿಗೆ ತುಂಬುವ ಪೆನ್ ಇರುತ್ತವೆ. ಕುರಿಗಳನ್ನು ಒದಗಿಸುವವರು ಪಂದ್ಯದ ವ್ಯವಸ್ಥಾಪಕರೇ, ಆದ್ದರಿಂದ ನಾಯಿಗೆ ಅವು ಅಪರಿಚಿತ. ಈ ತಿಂಗಳ ಪ್ರಶ್ನೆಗಳೆಲ್ಲ ಹುಟ್ಟಿರುವುದು ಇಲ್ಲಿಂದ.

ಪ್ರಶ್ನೆ: ಮಧ್ಯ ವೇಲ್ಸ್‌ನಲ್ಲಿ ವಾಸವಾಗಿದ್ದೇನೆ. ನನ್ನ ಎರಡು ವರ್ಷದ ಬಾರ್ಡರ್ ಕಾಲಿ ಹೆಣ್ಣುನಾಯಿಯನ್ನು ಪಕ್ಕದ ರೈತರ ಕುರಿಗಳ ಮೇಲೆ ಪಳಗಿಸಿದ್ದೇನೆ. ಅಲ್ಲಿ ಅದರ ಕೆಲಸದಲ್ಲಿ ಕುಂದು ಹುಡುಕುವಂತಿಲ್ಲ. ಹೇಳಿದ ಕಡೆ ಸುತ್ತುತ್ತದೆ, ಹೇಳಿದಲ್ಲಿ ಮಲಗುತ್ತದೆ. ಕಳೆದ ತಿಂಗಳು ಬೇರೊಂದು ಹೊಲದಲ್ಲಿ ಹೊಸ ಕುರಿಗಳ ಮೇಲೆ ಬಿಟ್ಟಾಗ ಮಾತ್ರ ನೇರವಾಗಿ ನುಗ್ಗಿ ಗುಂಪನ್ನು ಒಡೆಯಿತು, ಕುರಿಗಳು ಬೇಲಿಯವರೆಗೆ ಓಡಿದವು, ನನ್ನ ಕೂಗು ಅದರ ಕಿವಿಗೆ ಬೀಳಲೇ ಇಲ್ಲ. ನವೆಂಬರ್‌ನಲ್ಲಿ ಎಳೆಯ ನಾಯಿಗಳ ನರ್ಸರಿ ಪಂದ್ಯಕ್ಕೆ ಹೆಸರು ಕೊಡಬೇಕೆಂದಿದ್ದೇನೆ. ಇನ್ನೂ ಬಿಗಿಯಾದ ಶಿಸ್ತು ಕಲಿಸಬೇಕೇ?
— ಓದುಗರೊಬ್ಬರು, ಮಧ್ಯ ವೇಲ್ಸ್

ಉತ್ತರ: ಬಿಗಿಯಾದ ಶಿಸ್ತಿನಿಂದ ಈ ತೊಡಕು ಬಗೆಹರಿಯುವುದಿಲ್ಲ, ಬದಲಿಗೆ ಹೆಚ್ಚಬಹುದು. ನಿಮ್ಮ ನಾಯಿ ಅಂದು ಅವಿಧೇಯವಾಗಿತ್ತೆಂದು ತಿಳಿಯಬೇಡಿ. ಅದಕ್ಕೆ ಅದುವರೆಗೆ ಯಾರೂ ಕೇಳಿರದಿದ್ದ ಒಂದು ಪ್ರಶ್ನೆಯನ್ನು ಆ ಕುರಿಗಳು ಕೇಳಿದವು, ಅದರ ಬಳಿ ಉತ್ತರವಿರಲಿಲ್ಲ, ಅಷ್ಟೆ.

ಪಕ್ಕದ ಹೊಲದ ಕುರಿಗಳಿಗೆ ನಿಮ್ಮ ನಾಯಿ ಚೆನ್ನಾಗಿ ಗೊತ್ತು. ಕುರಿಗಳ ನೆನಪಿನ ಶಕ್ತಿಯನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ಸಮೀಪದ ಬಾಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುರಿಗಳು ತಮ್ಮಂಥ 50 ಕುರಿಗಳ ಮುಖಗಳನ್ನು ಗುರುತಿಸಿ 2 ವರ್ಷಗಳಿಗೂ ಹೆಚ್ಚು ಕಾಲ ನೆನಪಿಟ್ಟುಕೊಂಡದ್ದು ಕಂಡುಬಂದಿತು. ಅಂಥ ಪ್ರಾಣಿ ತನ್ನನ್ನು ವಾರಕ್ಕೆ ಹಲವು ಸಲ ಸುತ್ತುವ ನಾಯಿಯನ್ನು ಅರಿಯದೇ ಇರುತ್ತದೆಯೇ? ಈ ನಾಯಿ ಕಚ್ಚುವುದಿಲ್ಲ, ಒಡೆಯರ ಕಾಲ ಬಳಿಗೆ ಹೋಗಿ ನಿಂತರೆ ಅದು ಮಲಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮುಗಿಯುತ್ತದೆ ಎಂಬುದನ್ನು ಅವು ಎಂದೋ ಕಲಿತಿವೆ. ಆದ್ದರಿಂದ ನಾಯಿ ಹೊರಟ ಕೂಡಲೇ ಅವು ತಾವಾಗಿಯೇ ಒಂದುಗೂಡಿ ನಿಮ್ಮ ಮೊಣಕಾಲಿಗೆ ಒತ್ತಿಕೊಳ್ಳುತ್ತವೆ. ನಾಯಿ ಹತ್ತಿರದಿಂದ ಸುತ್ತಿದರೂ, ತುಸು ಜೋರಾಗಿ ಬಂದರೂ ಸಹಿಸಿಕೊಳ್ಳುತ್ತವೆ. ನೀವು ನಾಯಿಯದೆಂದು ತಿಳಿದಿದ್ದ ಅಚ್ಚುಕಟ್ಟುತನದಲ್ಲಿ ದೊಡ್ಡ ಪಾಲು ಆ ಕುರಿಗಳದು.

ಹೊಸ ಕುರಿಗಳಿಗೆ ಈ ಒಪ್ಪಂದ ಗೊತ್ತಿಲ್ಲ. ಕುರಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಬೆನ್ನ ಹಿಂದಿನ ಕಿರಿದಾದ ಭಾಗವೊಂದನ್ನು ಬಿಟ್ಟರೆ ಸುತ್ತಲಿನದೆಲ್ಲವೂ ತಲೆ ತಿರುಗಿಸದೆಯೇ ಅದಕ್ಕೆ ಕಾಣುತ್ತದೆ. ನಾಯಿ ನಿಮ್ಮ ಕಾಲ ಬಳಿಯಿಂದ ಹೊರಟ ಗಳಿಗೆಯಿಂದಲೇ ಅದು ಅಳೆಯಲು ತೊಡಗುತ್ತದೆ. ಬೇಟೆಯಾಡುವ ಪ್ರಾಣಿಯೊಂದು ಇಷ್ಟು ಹತ್ತಿರ ಬಂದರೆ ಓಡಲೇಬೇಕು ಎಂಬ ಒಂದು ಅಂತರ ಪ್ರತಿ ಕುರಿಗೂ ಇದೆ. ಆ ಅಂತರದ ಅಂಚಿನಲ್ಲಿ ನಾಯಿ ಬಂದು ನಿಂತರೆ ಕುರಿ ನಡೆಯುತ್ತದೆ. ಅದನ್ನು ದಾಟಿ ಒಳಗೆ ಬಂದರೆ ಓಡುತ್ತದೆ. ಅದಕ್ಕಿಂತ ದೂರವೇ ಉಳಿದರೆ ತಲೆ ತಗ್ಗಿಸಿ ಮೇಯುತ್ತದೆ. ಈ ಅಂಚು ಎಲ್ಲಿದೆ ಎಂಬುದನ್ನು ಕಂಡುಕೊಳ್ಳುವುದೇ ಕುರಿ ತರುಬುವ ನಾಯಿಯ ನಿಜವಾದ ವಿದ್ಯೆ. ಮನೆಯ ಕುರಿಗಳಲ್ಲಿ ಆ ಅಂಚು ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆಯಾದ್ದರಿಂದ ಅವುಗಳ ಮೇಲೆ ಮಾತ್ರ ಪಳಗಿದ ನಾಯಿಗೆ ಅದನ್ನು ಹುಡುಕುವ ಪ್ರಸಂಗವೇ ಬಂದಿರುವುದಿಲ್ಲ.

ನಾಯಿ ಕಂಡೊಡನೆ ಚಿಮ್ಮುವ ಕುರಿಗಳನ್ನು ಪಂದ್ಯದವರು ಹಗುರ ಕುರಿಗಳೆಂದೂ, ನೂಕಿದರೂ ಕದಲದವನ್ನು ಭಾರದ ಕುರಿಗಳೆಂದೂ ಕರೆಯುತ್ತಾರೆ. ನಿಮ್ಮ ಭಾಗದ ವೆಲ್ಷ್ ಮೌಂಟನ್, ಉತ್ತರದ ಚೆವಿಯಟ್, ಸ್ಕಾಟಿಷ್ ಬ್ಲ್ಯಾಕ್‌ಫೇಸ್ ಮುಂತಾದ ಗುಡ್ಡದ ತಳಿಗಳು ಸಾಮಾನ್ಯವಾಗಿ ಹಗುರ. ತಗ್ಗಿನ ಹುಲ್ಲುಗಾವಲಿನ ಸಫೊಕ್, ಟೆಕ್ಸೆಲ್ ತಳಿಗಳು ಸಾಮಾನ್ಯವಾಗಿ ಭಾರ. ಆದರೆ ತಳಿಯೊಂದನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ. ಅದೇ ವೆಲ್ಷ್ ಕುರಿಗಳು ಮಂದೆಯ ನೂರಾರು ಜೊತೆಗಾರರ ನಡುವೆ ಇದ್ದಾಗ ಒಂದು ಬಗೆ, ನಾಲ್ಕೇ ನಾಲ್ಕು ಬೇರೆಯಾಗಿ ನಿಂತಾಗ ಇನ್ನೊಂದು ಬಗೆ. ಚಳಿಗಾಲದ ನರ್ಸರಿ ಪಂದ್ಯಗಳಲ್ಲಿ ಹಲವೆಡೆ ಆ ವರ್ಷ ಹುಟ್ಟಿದ ಎಳೆಯ ಕುರಿಗಳನ್ನೇ ಬಳಸುತ್ತಾರೆ. ಅವು ದೊಡ್ಡ ಮಂದೆಯಲ್ಲಿ ನಾಯಿಯನ್ನು ಕಂಡಿರುತ್ತವೆಯೇ ಹೊರತು ಸಣ್ಣ ಗುಂಪಾಗಿ ಅದನ್ನು ಎದುರಿಸಿರುವುದಿಲ್ಲ. ನಿಮ್ಮ ನಾಯಿ ನವೆಂಬರ್‌ನಲ್ಲಿ ಕಾಣಲಿರುವುದು ಅಂಥವನ್ನೇ ಎಂದು ಎಣಿಸಿ ಸಿದ್ಧತೆ ಮಾಡಿಕೊಳ್ಳಿ.

ಇಂಥ ಪರಿಸ್ಥಿತಿಯಲ್ಲಿ ಹೆಚ್ಚಿನವರು ಮನೆಗೆ ಮರಳಿ ಅದೇ ಹಳೆಯ ಕುರಿಗಳ ಮೇಲೆ ‘ಲೈ ಡೌನ್’ (ಮಲಗು) ಆಜ್ಞೆಯನ್ನು ಮತ್ತಷ್ಟು ಗಟ್ಟಿಮಾಡುತ್ತಾರೆ. ಇದು ನನ್ನ ದೃಷ್ಟಿಯಲ್ಲಿ ಎಳೆಯ ನಾಯಿಗೆ ಮಾಡುವ ದೊಡ್ಡ ಅನ್ಯಾಯ. ಕುರಿಯ ಕಿವಿ ಎತ್ತ ತಿರುಗಿತು, ಯಾವ ಕುರಿ ಗುಂಪು ಬಿಡಲು ಹವಣಿಸುತ್ತಿದೆ ಎಂಬುದನ್ನು ನೂರಾರು ಮೀಟರ್ ದೂರದಿಂದ ನೀವು ಕಾಣಲಾರಿರಿ. ಹತ್ತಿರವಿರುವ ನಾಯಿ ಕಾಣಬಲ್ಲದು. ಪ್ರತಿ ಹೆಜ್ಜೆಗೂ ನಿಮ್ಮ ಶಿಳ್ಳೆಗಾಗಿ ಕಾಯುವಂತೆ ಅದನ್ನು ಬೆಳೆಸಿದರೆ, ನೀವು ಕಾಣದ್ದನ್ನು ಅದೂ ನೋಡುವುದನ್ನು ಬಿಟ್ಟುಬಿಡುತ್ತದೆ. ನಿಲ್ಲೆಂದಾಗ ನಿಲ್ಲುವ ಅಭ್ಯಾಸ ಅಗತ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಾಯಿಯ ತಿಳಿವಳಿಕೆಯ ಜಾಗವನ್ನು ತುಂಬಲಾರದು. ನಿಮ್ಮ ಸಿದ್ಧತೆಯಲ್ಲಿ ಮುಖ್ಯವಾಗಿ ಬದಲಾಗಬೇಕಾದದ್ದು ಕುರಿಗಳು.

ಪಂದ್ಯಕ್ಕೆ ಮುಂಚೆ ಸಾಧ್ಯವಾದಷ್ಟು ಬೇರೆ ಬೇರೆ ಮಂದೆಗಳ ಮೇಲೆ ನಾಯಿಯನ್ನು ಕೆಲಸಕ್ಕೆ ಹಚ್ಚಿ. ರೈತರಲ್ಲಿ ಕೇಳುವಾಗ ನಾಯಿಯ ಅಭ್ಯಾಸಕ್ಕಾಗಿ ಕುರಿ ಕೊಡಿ ಎಂದು ಕೇಳುವುದಕ್ಕಿಂತ, ಹೊಲ ಬದಲಿಸುವ ದಿನ, ಕಾಲು ನೋಡುವ ದಿನ, ಔಷಧಿ ಕುಡಿಸುವ ದಿನ ನೆರವಿಗೆ ಬರುತ್ತೇನೆ ಎಂದು ಹೇಳುವುದು ಒಳ್ಳೆಯದು. ಅವರಿಗೆ ಅದು ಉಪಕಾರವಾಗುತ್ತದೆ. ನಿಮ್ಮ ನಾಯಿಗೆ ನಿಜವಾದ ಕೆಲಸ ಸಿಗುತ್ತದೆ. ಇಡೀ ಮಂದೆಯನ್ನು ಗೇಟಿನ ಮೂಲಕ ದಾಟಿಸುವ ಕೆಲಸದಲ್ಲಿ ನಾಯಿ ಕಲಿಯುವಷ್ಟನ್ನು ವೃತ್ತಾಕಾರದ ಅಭ್ಯಾಸದಿಂದ ಕಲಿಯುವುದಿಲ್ಲ.

ಹೊಸ ಕುರಿಗಳ ಮೇಲೆ ಮೊದಲ ಸಲ ದೂರದ ಔಟ್‌ರನ್‌ಗೆ ಕಳುಹಿಸಲೇಬೇಡಿ. ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಒಟ್ಟಿಗೆ ಕುರಿಗಳತ್ತ ನಿಧಾನವಾಗಿ ನಡೆಯಿರಿ. ಮೇಯುತ್ತಿರುವ ಕುರಿಗಳು ಎಷ್ಟು ದೂರದಲ್ಲಿ ತಲೆ ಎತ್ತುತ್ತವೆ, ಎಷ್ಟು ದೂರದಲ್ಲಿ ಒಂದರ ಬಳಿ ಒಂದು ಸರಿಯುತ್ತವೆ, ಎಷ್ಟು ದೂರದಲ್ಲಿ ಹಿಂತಿರುಗಿ ಹೆಜ್ಜೆ ಇಡುತ್ತವೆ ಎಂಬುದನ್ನು ಗಮನಿಸಿ. ತಲೆ ಎತ್ತಿದ ಜಾಗದಲ್ಲಿ ನಿಲ್ಲಿ. ಅವು ಮತ್ತೆ ಮೇಯಲು ತೊಡಗುವವರೆಗೂ ಕಾಯಿರಿ. ಈ ಕಾಯುವಿಕೆಯಿಂದ ನಾಯಿಗೆ ಒಂದು ವಿಷಯ ಮನದಟ್ಟಾಗುತ್ತದೆ: ಕುರಿ ಕಂಡ ಕೂಡಲೇ ಓಡಬೇಕಾದದ್ದಿಲ್ಲ, ದೂರದಲ್ಲಿ ನಿಂತರೂ ಅವುಗಳ ಮೇಲೆ ತನ್ನ ಹಿಡಿತವಿದೆ. ಅನಂತರ ಅಲ್ಲಿಂದಲೇ ಪಕ್ಕಕ್ಕೆ, ಕುರಿಗಳಿಂದ ಅಷ್ಟೇ ಅಂತರವನ್ನು ಕಾಯ್ದುಕೊಂಡು ಅರ್ಧ ಸುತ್ತು ಕಳುಹಿಸಿ. ಒಳಗೆ ತೂರಲು ನೋಡಿದರೆ ಕೂಗಾಡದೆ, ನೀವೇ ನಾಯಿಗೂ ಕುರಿಗೂ ನಡುವೆ ಎರಡು ಹೆಜ್ಜೆ ಇಟ್ಟು ಅದನ್ನು ಹೊರಕ್ಕೆ ಸರಿಸಿ. ನಿಮಗೆ ಇದನ್ನು ಮಾಡಲು ಸಾಧ್ಯವಾಗುವುದು ಹತ್ತಿರವಿದ್ದಾಗ ಮಾತ್ರ. ಚಿಕ್ಕ ದೂರದಿಂದ ತೊಡಗಿ ಎಂದು ಹೇಳಿದ್ದು ಇದಕ್ಕಾಗಿ.

ಹಗುರ ಕುರಿಗಳ ಮೇಲೆ ನಾಯಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಕುರಿಗಳು ಒಂದು ದಿಕ್ಕಿಗೆ ಜಾರುತ್ತಿರುವಾಗ ಗಾಬರಿಯಿಂದ ‘ಲೈ ಡೌನ್’ ಎಂದರೆ ನಾಯಿ ಮಲಗುತ್ತದೆ, ಕುರಿಗಳು ಹೊರಟೇಹೋಗುತ್ತವೆ. ಅಲ್ಲಿ ಬೇಕಾದದ್ದು ಅಗಲವಾದ ಇನ್ನೊಂದು ಸುತ್ತು, ಆಮೇಲೆ ನಿಲುಗಡೆ. ಭಾರದ ಕುರಿಗಳಲ್ಲಿ ಇದಕ್ಕೆ ತದ್ವಿರುದ್ಧ: ಮತ್ತೆ ಮತ್ತೆ ನಿಲ್ಲಿಸಿದರೆ ಅವು ತಿರುಗಿ ನಿಂತು ನಾಯಿಯನ್ನೇ ದಿಟ್ಟಿಸತೊಡಗುತ್ತವೆ, ಕದಲಿಸುವುದು ಪ್ರತಿ ಸಲವೂ ಮೊದಲಿಗಿಂತ ಕಷ್ಟವಾಗುತ್ತದೆ. ಅಲ್ಲಿ ನಾಯಿ ನಿಲ್ಲದೆ ನಿಧಾನವಾಗಿ ಮುಂದೆ ಬರುತ್ತಿರಬೇಕು. ಎರಡೂ ಬಗೆಯ ಕುರಿಗಳನ್ನು ಕಂಡ ನಾಯಿಗೆ ಮಾತ್ರ ಈ ವ್ಯತ್ಯಾಸ ಮೈಗೂಡುತ್ತದೆ.

ಗುಂಪಿನ ಗಾತ್ರವನ್ನೂ ಕ್ರಮವಾಗಿ ಇಳಿಸಿ. ಹದಿನೈದು ಇಪ್ಪತ್ತು ಕುರಿಗಳ ಗುಂಪು ತನ್ನಷ್ಟಕ್ಕೆ ಒಟ್ಟಾಗಿರುತ್ತದೆ, ನಾಯಿಯ ತಪ್ಪನ್ನು ಮನ್ನಿಸುತ್ತದೆ. ಅಂಥ ಗುಂಪಿನ ಮೇಲೆ ನಾಯಿ ನೆಮ್ಮದಿಯಿಂದ ನಡೆಯತೊಡಗಿದ ಮೇಲೆ ಎಂಟು, ಆಮೇಲೆ ಐದು, ಕೊನೆಗೆ ಪಂದ್ಯದಲ್ಲಿರುವಂತೆ ನಾಲ್ಕು. ಮೂರು ನಾಲ್ಕು ಕುರಿಗಳಿರುವಾಗ ಪ್ರತಿಯೊಂದಕ್ಕೂ ಒಂದೊಂದು ಮನಸ್ಸು. ಒಂದು ಸಿಡಿದರೆ ಗುಂಪೇ ಇಲ್ಲವಾಗುತ್ತದೆ. ಹಾಗೆ ಸಿಡಿದದ್ದನ್ನು ಮರಳಿ ತರುಬುವುದು ಎಳೆಯ ನಾಯಿಗೆ ಒಳ್ಳೆಯ ಪಾಠ, ಆದರೆ ಅದು ಬೆನ್ನಟ್ಟುವ ಆಟವಾಗಲು ಬಿಡಬೇಡಿ. ಕುರಿಯ ಮುಂದೆ ಹೋಗಿ ಅಡ್ಡಗಟ್ಟುತ್ತಿದ್ದರೆ ಬಿಡಿ. ಹಿಂದಿನಿಂದ ಓಡಿಸುತ್ತಿದ್ದರೆ ಕೂಡಲೇ ಕರೆದುಕೊಳ್ಳಿ.

ಇನ್ನು ಲಿಫ್ಟ್. ಪೂರ್ಣ ಪಂದ್ಯದ ಅಂಕಗಳು ಔಟ್‌ರನ್‌ಗೆ 20, ಲಿಫ್ಟ್‌ಗೆ 10, ಫೆಚ್‌ಗೆ 20, ಡ್ರೈವ್‌ಗೆ 30, ಶೆಡ್ ಮತ್ತು ಪೆನ್‌ಗೆ ತಲಾ 10 ಎಂದು ಹಂಚಿಕೆಯಾಗಿರುವುದು ವಾಡಿಕೆ. ಲಿಫ್ಟ್‌ಗೆ ಹತ್ತೇ ಅಂಕವೆಂದು ಅದನ್ನು ಹಗುರವಾಗಿ ಕಾಣಬಾರದು. ಅಪರಿಚಿತ ನಾಯಿಯನ್ನು ಕುರಿಗಳು ನಂಬಬೇಕೇ ಬೇಡವೇ ಎಂದು ತೀರ್ಮಾನಿಸುವುದು ಆ ಕೆಲವೇ ಕ್ಷಣಗಳಲ್ಲಿ. ಅಲ್ಲಿ ಬೆದರಿದ ಕುರಿಗಳು ದೊಡ್ಡಿಯ ಬಾಯಿಯವರೆಗೂ ಬೆದರಿಯೇ ಇರುತ್ತವೆ. ಸುತ್ತು ಮುಗಿದಲ್ಲಿ ನಾಯಿ ಒಂದು ಉಸಿರು ತಡೆದು ನಿಂತು, ಕುರಿಗಳು ತನ್ನನ್ನು ಕಂಡವು ಎಂದು ಖಚಿತವಾದ ಮೇಲೆ ಹೆಜ್ಜೆ ಮುಂದಿಡುವುದನ್ನು ಪ್ರತಿ ಹೊಸ ಮಂದೆಯ ಮೇಲೂ ಅಭ್ಯಾಸ ಮಾಡಿಸಿ.

ಲಿಫ್ಟ್‌ನಲ್ಲಿ ಮನೆಯಲ್ಲಿರದ ಇನ್ನೊಂದು ಸಂಗತಿಯೂ ಇದೆ. ಪಂದ್ಯದಲ್ಲಿ ಕುರಿಗಳನ್ನು ಒಬ್ಬರು ತಮ್ಮ ನಾಯಿಯೊಡನೆ ಅಲ್ಲಿಗೆ ತಂದು ನಿಲ್ಲಿಸಿರುತ್ತಾರೆ, ಕೆಲವೆಡೆ ಮೇವನ್ನೂ ಹಾಕಿರುತ್ತಾರೆ. ಎಳೆಯ ನಾಯಿ ಆ ಮನುಷ್ಯರನ್ನು ಕಂಡು ದಾರಿಯಲ್ಲೇ ನಿಲ್ಲುತ್ತದೆ, ಅವರ ಮುಂದಿನಿಂದ ಹಾದು ಸುತ್ತನ್ನು ಕಿರಿದು ಮಾಡುತ್ತದೆ, ಇಲ್ಲವೇ ಕುರಿಗಳನ್ನು ಅವರ ಬಳಿಗೇ ಒಪ್ಪಿಸುತ್ತದೆ. ಯಾಕೆಂದರೆ ಕುರಿಗಳನ್ನು ಮನುಷ್ಯರ ಬಳಿಗೆ ತರಬೇಕೆಂಬುದು ಅದು ಕಲಿತ ಪಾಠ. ಗೆಳೆಯರೊಬ್ಬರನ್ನು ನಾಯಿಸಮೇತ ಕುರಿಗಳ ಬಳಿ ನಿಲ್ಲಿಸಿ, ಮೊದಲು ಐವತ್ತು ಮೀಟರ್‌ನಿಂದ, ಆಮೇಲೆ ನೂರು, ನೂರೈವತ್ತು ಮೀಟರ್‌ನಿಂದ ಕಳುಹಿಸಿ ಇದನ್ನು ರೂಢಿ ಮಾಡಿಸಲೇಬೇಕು.

ನವೆಂಬರ್‌ನಲ್ಲಿ ಹೆಸರು ಕೊಡಬಹುದೇ ಎಂದರೆ, ಒಂದೇ ಪರೀಕ್ಷೆ ಸಾಕು. ಹಿಂದೆಂದೂ ಕಾಣದ ಹೊಲದಲ್ಲಿ, ಕಾಣದ ಕುರಿಗಳ ಮೇಲೆ ಕಳುಹಿಸಿದ ನಾಯಿ ತಾನಾಗಿಯೇ ಅಗಲವಾಗಿ ಸುತ್ತಿ, ಕುರಿಗಳನ್ನು ಓಡಿಸದೆ ನಡೆಸಿಕೊಂಡು ಬಂದು, ನೀವು ಒಮ್ಮೆ ಹೇಳಿದ ಮಾತಿಗೆ ನಿಂತರೆ ಕೊಡಿ. ಸುತ್ತು ಚಂದವಾಗಿಲ್ಲದಿದ್ದರೂ, ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ನಿಲ್ಲುವುದು ಸಾಧ್ಯವಾಗದಿದ್ದರೆ ಜನವರಿಯವರೆಗೆ ಕಾಯಿರಿ. ನರ್ಸರಿ ಪಂದ್ಯಗಳು ಚಳಿಗಾಲ ಪೂರ್ತಿ ನಡೆಯುತ್ತವೆ.

ಪ್ರಶ್ನೆ: ಅಮೆರಿಕದ ಕೊಲರಾಡೋದಲ್ಲಿದ್ದೇನೆ. ನನ್ನ ಗಂಡುನಾಯಿಗೆ ತೊಂದರೆ ಬೇರೆ ರೀತಿಯದು. ಅಭ್ಯಾಸಕ್ಕಿರುವ ಕಟಾಡಿನ್ ತಳಿಯ ಕುರಿಗಳು ಹಗುರವಾಗಿದ್ದು ನೋಟಕ್ಕೇ ಓಡುತ್ತವೆ. ಬಯಲು ಸೀಮೆಯ ದೊಡ್ಡ ಉಣ್ಣೆ ಕುರಿಗಳ ಮುಂದೆ ಬಿಟ್ಟಾಗ ಅವುಗಳಲ್ಲಿ ಒಂದು ಕುರಿ ಕಾಲು ನೆಲಕ್ಕೆ ಬಡಿದು ಎದುರು ನಿಂತಿತು. ನಾಯಿ ಮುಖ ತಿರುಗಿಸಿ ನೆಲ ಮೂಸುತ್ತಾ ಹಿಂದೆ ಸರಿಯಿತು. ಇದು ಹೇಡಿತನವೇ?
— ಓದುಗರೊಬ್ಬರು, ಕೊಲರಾಡೋ

ಉತ್ತರ: ಒಂದು ಸಲದ ಅನುಭವದಿಂದ ಹಾಗೆ ತೀರ್ಮಾನಿಸಬೇಡಿ. ನೆಲ ಮೂಸುವುದು, ಮುಖ ತಿರುಗಿಸುವುದು ಒತ್ತಡದಲ್ಲಿರುವ ನಾಯಿಯ ಲಕ್ಷಣಗಳು. ಅದುವರೆಗೆ ಯಾವ ಕುರಿಯೂ ಅದಕ್ಕೆ ‘ಇಲ್ಲ’ ಎಂದಿರಲಿಲ್ಲ. 1987ರಿಂದ ನಿಮ್ಮ ರಾಜ್ಯದ ಮೀಕರ್‌ನಲ್ಲಿ ನಡೆಯುತ್ತಿರುವ ಪಂದ್ಯ ಪ್ರಸಿದ್ಧವಾಗಿರುವುದೇ ನಾಯಿಗಳ ಒಡನಾಟ ಕಡಿಮೆಯಿರುವ ಇಂಥ ಗಟ್ಟಿ ಕುರಿಗಳಿಂದ. ಅನುಭವಿ ನಾಯಿಗಳೂ ಅಲ್ಲಿ ತಡವರಿಸುತ್ತವೆ.

ಈಗ ನಿಮ್ಮ ನಾಯಿಗೆ ಬೇಕಾದದ್ದು ಸೋಲದಿರುವ ಅನುಭವ. ಕುರಿ ಎದುರು ನಿಂತಾಗ ದೂರದಿಂದ ‘ವಾಕ್ ಅಪ್’ (ಮುಂದೆ ನಡೆ) ಎಂದು ಕೂಗುತ್ತಾ ಒತ್ತಾಯಿಸುವ ಬದಲು ನೀವೇ ನಡೆದು ನಾಯಿಯ ಪಕ್ಕಕ್ಕೆ ಹೋಗಿ. ಇಬ್ಬರೂ ಒಟ್ಟಿಗೆ, ನಿಧಾನವಾಗಿ, ಆ ಕುರಿಯ ಮುಖದತ್ತ ನೇರವಾಗಿ ನಡೆಯಿರಿ. ಕುರಿ ತಿರುಗಿದ ಕ್ಷಣವೇ ನಿಂತು ನಾಯಿಯನ್ನು ನಿಲ್ಲಿಸಿ. ತಾನು ಬಂದದ್ದರಿಂದ ಅದು ತಿರುಗಿತು ಎಂಬುದು ನಾಯಿಗೆ ತಿಳಿಯಲು ಆ ನಿಲುಗಡೆಯೇ ಸಾಕು. ಕೆಲವು ದಿನಗಳ ಮೇಲೆ ನೀವು ಒಂದೊಂದೇ ಹೆಜ್ಜೆ ಹಿಂದೆ ಉಳಿಯಿರಿ. ಮರಿಯಿರುವ ತಾಯಿ ಕುರಿಯನ್ನೂ ಟಗರನ್ನೂ ಈ ಅಭ್ಯಾಸಕ್ಕೆ ಖಂಡಿತ ಬಳಸಬೇಡಿ. ಕುರಿ ನುಗ್ಗಿ ಬಂದಾಗ ಆತ್ಮರಕ್ಷಣೆಗಾಗಿ ನಾಯಿ ಅದರ ಮೂತಿಗೆ ಬಾಯಿ ಹಾಕಿ ಕೂಡಲೇ ಬಿಟ್ಟರೆ ಅಭ್ಯಾಸದಲ್ಲಿ ಗದರಬೇಡಿ. ಪಂದ್ಯದಲ್ಲಿ ಕಚ್ಚಿದ ನಾಯಿಯನ್ನು ಸಾಮಾನ್ಯವಾಗಿ ಹೊರಗೆ ಕಳುಹಿಸುತ್ತಾರೆ ನಿಜ. ಆದರೆ ಎಳೆಯ ನಾಯಿಯ ಧೈರ್ಯವನ್ನು ಮುರಿದ ಮೇಲೆ ಪಂದ್ಯದ ನಿಯಮ ಉಳಿಸಿ ಪ್ರಯೋಜನವಿಲ್ಲ. ಹಿಂಗಾಲಿಗೋ ಪಕ್ಕೆಗೋ ಬಾಯಿ ಹಾಕುವುದು ಬೇರೆ ಮಾತು, ಅದನ್ನು ತಡೆಯಲೇಬೇಕು.

ಪ್ರಶ್ನೆ: ಪರಿಚಯದ ರೈತರು ಜನವರಿ ಕೊನೆಯಲ್ಲಿ ತಮ್ಮ ಕುರಿಗಳ ಮೇಲೆ ಅಭ್ಯಾಸ ಮಾಡಲು ಮೊದಲು ಒಪ್ಪಿ, ಆಮೇಲೆ ಬೇಡವೆಂದರು. ಕಾರಣ ಹೇಳಲಿಲ್ಲ.
— ಓದುಗರೊಬ್ಬರು, ಇಂಗ್ಲೆಂಡಿನ ಕಂಬ್ರಿಯಾ

ಉತ್ತರ: ಆ ಹೊತ್ತಿಗೆ ಅವರ ಕುರಿಗಳು ಗಬ್ಬವಾಗಿರುತ್ತವೆ. ಗುಡ್ಡಗಾಡಿನಲ್ಲಿ ಏಪ್ರಿಲ್‌ನಲ್ಲಿ ಮರಿ ಹಾಕುವ ಕುರಿಗಳನ್ನು ಅದಕ್ಕೆ ಮುಂಚಿನ ವಾರಗಳಲ್ಲಿ ಓಡಾಡಿಸಿದರೆ ಮರಿಗೂ ತಾಯಿಗೂ ಅಪಾಯ. ಟಗರು ಬಿಡುವ ಶರತ್ಕಾಲದ ದಿನಗಳಲ್ಲೂ ರೈತರು ಮಂದೆಯನ್ನು ಕದಡಲು ಬಯಸುವುದಿಲ್ಲ. ಗಬ್ಬವಲ್ಲದ ಎಳೆಯ ಕುರಿಗಳಿದ್ದರೆ ಅವನ್ನು ಕೇಳಿ ನೋಡಬಹುದು.

ನಾಯಿಗೆ ಲಾಡಿಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದ ಕ್ರಮದಲ್ಲಿ ಕೊಟ್ಟಿರುವ ದಾಖಲೆಯನ್ನು ಜೊತೆಗೆ ಒಯ್ಯಿರಿ. ನಾಯಿಯ ಮಲದಿಂದ ಹುಲ್ಲಿಗೆ ಬೀಳುವ ಲಾಡಿಹುಳುವಿನ ಮೊಟ್ಟೆಗಳು ಕುರಿಯ ಮಾಂಸದಲ್ಲಿ ಗಂಟುಗಳಾಗಿ ಬೆಳೆಯುತ್ತವೆ, ಕಸಾಯಿಖಾನೆಯಲ್ಲಿ ಅಂಥ ಮಾಂಸವನ್ನು ತಿರಸ್ಕರಿಸುತ್ತಾರೆ. ಇನ್ನೊಂದು ಜಾತಿಯ ಲಾಡಿಹುಳುವಿನಿಂದ ಮನುಷ್ಯರಿಗೂ ಹೈಡಾಟಿಡ್ ಗೆಡ್ಡೆಯ ರೋಗ ತಗಲುತ್ತದೆ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಬೂಟುಗಳನ್ನು ತೊಳೆದು ಸೋಂಕುನಿವಾರಕ ಹಚ್ಚಿ. 2001ರ ಕಾಲುಬಾಯಿ ರೋಗದ ಹಾವಳಿಯಲ್ಲಿ ಅತಿ ಹೆಚ್ಚು ನೊಂದ ಪ್ರದೇಶ ನಿಮ್ಮದು. ತೊಳೆದ ಬೂಟಿಗೆ ಅಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ನೀವೇ ಕಾಣುವಿರಿ.

ಪ್ರಶ್ನೆ: ನಮ್ಮಲ್ಲಿ ಕುರಿಹಟ್ಟಿಯ ನಾಯಿಗಳು ಕಾವಲಿಗೆ ಮಾತ್ರ. ಬಾರ್ಡರ್ ಕಾಲಿಯೊಂದನ್ನು ತಂದು ನಮ್ಮ ಕುರಿಗಳ ಮೇಲೆ ಬಿಟ್ಟರೆ ಕೆಲಸ ಮಾಡೀತೇ?
— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಮೇಲಿನ ಉತ್ತರಗಳಲ್ಲಿ ಹೇಳಿದ ಅಪರಿಚಿತತೆಯ ತುತ್ತತುದಿ ಅದು. ನಿಮ್ಮ ಭಾಗದ ಕೆಂಗುರಿ, ಡೆಕ್ಕನಿ ಮಂದೆಗಳು ಕುರಿಗಾಹಿಯ ಕೂಗನ್ನು ಅನುಸರಿಸಿ ನಡೆಯುತ್ತವೆ. ಹಿಂದಿನಿಂದ ನಾಯಿ ಹೊಡೆದುಕೊಂಡು ಬರುವುದು ಅವುಗಳಿಗೆ ಗೊತ್ತಿಲ್ಲ. ತೋಳಗಳಿರುವ ಸೀಮೆಯಲ್ಲಿ ಬಾಗಿದ ಮೈಯಿಂದ, ನೆಟ್ಟ ನೋಟದಿಂದ ಸುತ್ತುತ್ತಾ ಬರುವ ಪ್ರಾಣಿಯನ್ನು ಅವು ಏನೆಂದು ತಿಳಿದಾವು ಎಂಬುದನ್ನು ನಿಮಗೆ ವಿವರಿಸಬೇಕಿಲ್ಲ. ಹಟ್ಟಿಯ ಕಾವಲು ನಾಯಿಗಳೂ ಸುಮ್ಮನಿರಲಾರವು. ಕುರಿಗಳನ್ನೂ ಕಾವಲು ನಾಯಿಗಳನ್ನೂ ತಿಂಗಳುಗಟ್ಟಲೆ ಒಗ್ಗಿಸಬೇಕಾಗುತ್ತದೆ, ಅದಕ್ಕೆ ಪಳಗಿದ ನಾಯಿಯೂ ಪಳಗಿದ ಒಡೆಯರೂ ಬೇಕು. ಜೊತೆಗೆ ದಟ್ಟ ರೋಮದ ಈ ತಳಿ ನಿಮ್ಮ ಬೇಸಿಗೆಯ ಬಿಸಿಲಿನಲ್ಲಿ ಓಡಿದರೆ ಪ್ರಾಣಕ್ಕೇ ಕುತ್ತು. ದನಿಯಿಂದಲೇ ನೂರಾರು ಕುರಿಗಳನ್ನು ನಡೆಸುವ ನಿಮ್ಮವರಿಗೆ ಈ ನಾಯಿಯ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಮುಂದಿನ ತಿಂಗಳು ನನ್ನ ನಾಯಿಯ ಮೊದಲ ಪಂದ್ಯ. ಆ ದಿನ ಕುರಿಗಳ ಬಗ್ಗೆ ಏನು ಗಮನಿಸಬೇಕು? ಕಣದಲ್ಲಿ ಕೆಟ್ಟರೆ ಏನು ಮಾಡಬೇಕು?
— ಓದುಗರೊಬ್ಬರು, ಸ್ಕಾಟ್ಲೆಂಡ್

ಉತ್ತರ: ಬೇಗ ಹೋಗಿ, ನಿಮ್ಮ ಸರದಿಗೆ ಮುಂಚಿನ ಹಲವು ಓಟಗಳನ್ನು ನೋಡಿ. ನೋಡುವಾಗ ನಾಯಿಗಳಿಗಿಂತ ಕುರಿಗಳ ಮೇಲೆ ಕಣ್ಣಿಡಿ. ಕುರಿಗಳಿಗೆ ಎಲ್ಲ ಕಣಗಳಲ್ಲೂ ಒಂದು ದಿಕ್ಕಿನ ಸೆಳೆತವಿರುತ್ತದೆ: ಓಟ ಮುಗಿಸಿದ ಕುರಿಗಳನ್ನು ಕೂಡಿಟ್ಟ ದೊಡ್ಡಿಯ ಕಡೆಗೆ, ತಾವು ಬಂದ ಗೇಟಿನ ಕಡೆಗೆ, ಇಲ್ಲವೇ ಏರಿನ ಕಡೆಗೆ. ಎಲ್ಲ ಗುಂಪುಗಳೂ ಫೆಚ್‌ನಲ್ಲಿ ಒಂದೇ ಪಕ್ಕಕ್ಕೆ ಜಾರುತ್ತಿದ್ದರೆ ಅದು ನಾಯಿಗಳ ದೋಷವಲ್ಲ. ನಿಮ್ಮ ನಾಯಿ ಆ ಪಕ್ಕವನ್ನು ಮುಂಚಿತವಾಗಿಯೇ ಕಾಯುವಂತೆ, ಸೆಳೆತ ಎಡಕ್ಕಿದ್ದರೆ ಎಡವನ್ನು ಹಿಡಿದು ನಿಲ್ಲುವಂತೆ ಅದರ ಜಾಗವನ್ನು ಯೋಚಿಸಿಟ್ಟುಕೊಳ್ಳಿ. ಎಷ್ಟು ದೂರದಲ್ಲಿ ನಾಯಿ ಬಂದಾಗ ಕುರಿಗಳು ತಲೆ ಎತ್ತುತ್ತಿವೆ, ನಿಧಾನವಾಗಿ ಬಂದ ನಾಯಿಗೆ ಹೇಗೆ, ಚುರುಕಾಗಿ ಬಂದ ನಾಯಿಗೆ ಹೇಗೆ ವರ್ತಿಸುತ್ತಿವೆ ಎಂಬುದೂ ಅಲ್ಲಿಯೇ ಕಾಣಸಿಗುತ್ತದೆ. ಬೆಳಿಗ್ಗೆ ಹಸಿದಿದ್ದ ಕುರಿಗಳು ಮಧ್ಯಾಹ್ನಕ್ಕೆ ಬೇರೆಯಾಗಿರುತ್ತವೆ, ಆದ್ದರಿಂದ ನಿಮ್ಮ ಸರದಿಗೆ ಸ್ವಲ್ಪ ಮುಂಚಿನ ಓಟಗಳೇ ಹೆಚ್ಚು ಉಪಯುಕ್ತ. ನಾಯಿಯನ್ನು ಮಾತ್ರ ಬೆಳಗಿನಿಂದ ಕಣದ ಅಂಚಿನಲ್ಲಿ ಕೂರಿಸಿ ತೋರಿಸಬೇಡಿ. ನೋಡಿ ನೋಡಿ ಕುದಿದ ನಾಯಿ ಬಿಟ್ಟ ಕೂಡಲೇ ನುಗ್ಗುತ್ತದೆ. ವಾಹನದಲ್ಲಿ ನೆರಳಿನಲ್ಲಿ ಮಲಗಿರಲಿ.

ಕಂಬದತ್ತ ನಡೆಯುವಾಗ ಅವಸರ ಬೇಡ. ಕುರಿಗಳು ಎಲ್ಲಿವೆ ಎಂಬುದನ್ನು ನಾಯಿ ಕಂಡಿದೆಯೇ ಎಂದು ಅದರ ಕಿವಿ, ಕಣ್ಣುಗಳಿಂದ ಖಚಿತಪಡಿಸಿಕೊಂಡ ಮೇಲೆಯೇ ಕಳುಹಿಸಿ. ‘ಕಮ್ ಬೈ’ ಎಂದು ಎಡದಿಂದ ಕಳುಹಿಸುವುದೋ ‘ಅವೇ’ ಎಂದು ಬಲದಿಂದ ಕಳುಹಿಸುವುದೋ ಎಂಬುದನ್ನು ನೆಲದ ಇಳಿಜಾರು ಮತ್ತು ಕುರಿಗಳ ಸೆಳೆತ ನೋಡಿ ನಿರ್ಧರಿಸಬೇಕು. ಆದರೆ ಎಳೆಯ ನಾಯಿಗೆ ಯಾವ ಪಕ್ಕ ಹೆಚ್ಚು ಸಲೀಸೋ ಆ ಪಕ್ಕಕ್ಕೆ ಮೊದಲ ಪಂದ್ಯದಲ್ಲಿ ಆದ್ಯತೆ ಕೊಡುವುದು ನ್ಯಾಯ. ಲಿಫ್ಟ್ ಆದ ಮೇಲೆ ನಿಮ್ಮ ದನಿ ಮನೆಯಲ್ಲಿರುವಂತೆಯೇ ಇರಲಿ. ಗಾಳಿ ಎದುರಾಗಿದ್ದರೆ ನಾಯಿಗೆ ನಿಜವಾಗಿಯೂ ಕೇಳಿಸದಿರಬಹುದು. ಅದನ್ನು ಹಟವೆಂದು ಭಾವಿಸಿ ದನಿ ಏರಿಸಿದರೆ ಕುರಿಗಳು ಮೊದಲು ಬೆದರುತ್ತವೆ.

ದೊಡ್ಡಿಯ ಬಾಯಲ್ಲಿ ನೀವು ಗೇಟಿನ ಹಗ್ಗವನ್ನು ಕೈಬಿಡುವಂತಿಲ್ಲ. ಅಪರಿಚಿತ ಕುರಿಗಳು ಅಲ್ಲಿ ನಾಯಿಯಷ್ಟೇ ನಿಮಗೂ ಹೆದರುತ್ತವೆ ಎಂಬುದನ್ನು ಮನೆಯ ಕುರಿಗಳು ನಿಮಗೆ ಕಲಿಸಿರುವುದಿಲ್ಲ. ಕೋಲನ್ನು ಬೀಸಬೇಡಿ, ಮೈಯನ್ನು ಹಠಾತ್ತನೆ ಮುಂದಕ್ಕೆ ಬಾಗಿಸಬೇಡಿ. ಕುರಿಗಳು ಒಳಗೆ ನೋಡುವವರೆಗೆ ನಾಯಿ ಕಾಯಲಿ. ಮುಂದಿನ ಕುರಿಯ ತಲೆ ದೊಡ್ಡಿಯೊಳಕ್ಕೆ ತಿರುಗಿದ ಮೇಲೆ ಒಂದು ಹೆಜ್ಜೆ ಬರಲಿ.

ಕೆಟ್ಟರೆ ಏನು ಮಾಡಬೇಕೆಂದು ಕೇಳಿದ್ದೀರಿ. ಕುರಿಗಳು ಬೆದರಿ ಓಡತೊಡಗಿ, ಎರಡು ಸಲ ಹೇಳಿದರೂ ನಾಯಿ ನಿಲ್ಲದಿದ್ದರೆ ನ್ಯಾಯಾಧೀಶರಿಗೆ ಹೇಳಿ ಓಟವನ್ನು ಬಿಟ್ಟುಕೊಟ್ಟು, ನೀವೇ ಕಣದೊಳಕ್ಕೆ ನಡೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಹಿರಿಯ ಪಂದ್ಯಗಾರರು ಪ್ರತಿ ವಾರ ಹಾಗೆ ಮಾಡುತ್ತಾರೆ, ಕುರಿ ಕೊಟ್ಟ ರೈತರು ಅದನ್ನು ಮೆಚ್ಚುತ್ತಾರೆ. ಆದರೆ ನಾಯಿಯನ್ನು ಕರೆದುಕೊಂಡು ಸೀದಾ ಹೊರಗೆ ಬರಬೇಡಿ. ಹತ್ತಿರ ಹೋಗಿ ಅದನ್ನು ನಿಲ್ಲಿಸಿ, ಕುರಿಗಳನ್ನು ಒಟ್ಟುಮಾಡಿಸಿ, ನೀವು ಜೊತೆಗಿದ್ದುಕೊಂಡೇ ಹೊರಗೇಟಿನವರೆಗೆ ನಡಿಗೆಯಲ್ಲಿ ತಂದುಬಿಡಿ. ಕುರಿಗಳು ಓಡದೆ ನಡೆದದ್ದೇ ಆ ನಾಯಿಯ ಆ ದಿನದ ಕೊನೆಯ ಅನುಭವವಾಗಿರಬೇಕು. ಮರುದಿನ ಮನೆಯ ಕುರಿಗಳ ಮೇಲೆ ಬಿಟ್ಟು ಸಮಾಧಾನಪಡಬೇಡಿ. ಕೆಲವು ದಿನ ಬಿಡುವು ಕೊಟ್ಟು, ಪಂದ್ಯದಲ್ಲಿದ್ದಂಥದೇ ಕುರಿಗಳಿರುವ ಹೊಲವೊಂದನ್ನು ಹುಡುಕಿ, ಈ ಸಲ ಹದಿನೈದರ ಗುಂಪಿನಿಂದ, ಐವತ್ತು ಮೀಟರ್‌ನಿಂದ ಮತ್ತೆ ಮೊದಲುಮಾಡಿ.